ಪದಚರ್ಚೆ: 'ಕಾಲೊಫನ್'ಗೆ 'ಪುಷ್ಪಿಕೆ' ಒಗ್ಗುತ್ತಾ?

ಎಲ್ಲರಿಗೂ ನಮಸ್ಕಾರ. ಪುಸ್ತಕದ ಕೊನೆಯಲ್ಲಿ ಅದನ್ನು ಅಚ್ಚು ಮಾಡಿದ ವಿವರ ಹೇಳುವ ಟಿಪ್ಪಣಿಗೆ ಇಂಗ್ಲಿಷಿನಲ್ಲಿ 'ಕಾಲೊಫನ್' ಅನ್ನುತ್ತಾರೆ. ಅದಕ್ಕೊಂದು ಕನ್ನಡ ಪದ ಹುಡುಕುತ್ತಿದ್ದೇನೆ.

ಮುಂಬಯಿಯ ಮಾಟುಂಗದ ಗೆಳೆಯರೊಬ್ಬರ ಬಳಿ ರಷ್ಯನ್ ಲೇಖಕ ಗೊಗೊಲ್‌ನ 'ಮೂಗು' ಕತೆಯ ಇಂಗ್ಲಿಷ್ ಪುಸ್ತಕ ಇದೆ. ಕೈಯಲ್ಲಿ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸಿ, ಕೈಕಾಗದದ ಮೇಲೆ ಅಚ್ಚು ಹಾಕಿದ್ದು. ನಮ್ಮ ಓದುಕೂಟದಲ್ಲಿ ಅದನ್ನು ತೋರಿಸುತ್ತಾರೆ. ಪಕ್ಕದಲ್ಲಿಡಲು ಕನ್ನಡದಲ್ಲಿ ಒಂದು ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮಿಕ್ಕ ಪದಗಳದ್ದು ತೊಂದರೆ ಇಲ್ಲ. ಟೈಪಿಗೆ ನಮ್ಮಲ್ಲಿ 'ಮೊಳೆ' ಇದ್ದೇ ಇದೆ. ಇಲ್ಲಿನ ಮರಾಠಿ ಪ್ರೆಸ್ಸುಗಳಲ್ಲಿ 'ಖಿಳೆ', ಅದೂ ಮೊಳೆಯೇ. ಜೋಡಿಸುವವನು ಅವರಿಗೆ 'ಜುಳಾರಿ'. ನಾವು ಯಾಕೋ ಕಂಪೋಸಿಟರ್‌ನಲ್ಲೇ ನಿಂತುಬಿಟ್ಟೆವು.

ತೊಡಕಿರುವುದು ಕಡೆಯ ಪುಟದಲ್ಲಿ. ಯಾವ ಮೊಳೆ, ಯಾವ ಕಾಗದ, ಬೈಂಡಿಂಗ್ ಯಾರದು, ಒಟ್ಟು ಎಷ್ಟು ಪ್ರತಿ, ಇದು ಎಷ್ಟನೆಯದು ಅಂತ ಅಲ್ಲಿದೆ. ಪ್ರತಿಯ ಸಂಖ್ಯೆ ಮಾತ್ರ ಪೆನ್ಸಿಲ್‌ನಲ್ಲಿ. ಇದೇ ಕಾಲೊಫನ್.

ಹಸ್ತಪ್ರತಿಯವರು ಇದಕ್ಕೆ 'ಪುಷ್ಪಿಕೆ' ಅನ್ನುತ್ತಾರೆ. ಆದರೆ ಅಧ್ಯಾಯದ ಕೊನೆಯಲ್ಲಿ ಬರುವ 'ಇತಿ ಶ್ರೀ...' ಕೂಡ ಪುಷ್ಪಿಕೆಯೇ ಅಲ್ವಾ? ಪಂಪಭಾರತದ ಆಶ್ವಾಸಗಳ ಕೊನೆಗೆ 'ಇದು ವಿವಿಧ ವಿಬುಧಜನ ವಿನುತ...' ಅಂತ ಬರುವ ಗದ್ಯವೂ ಅದೇ ಜಾತಿಯದು. ಅಲ್ಲಿ ಕವಿಯ ಹೆಸರು, ಕಾವ್ಯದ ಹೆಸರು ಇರುತ್ತದೆ. ಕಾಲೊಫನ್‌ನಲ್ಲಿ ಮಾತಾಡುವವನು ಕವಿಯಲ್ಲ, ಕೆಲಸಗಾರ. ಇದಕ್ಕೆ ಹತ್ತಿರದ್ದು ಲಿಪಿಕಾರರು ಕೊನೆಗೆ ಸೇರಿಸುತ್ತಿದ್ದ ಶ್ಲೋಕಗಳು. ಬೆನ್ನು, ಸೊಂಟ, ಕತ್ತು ಮುರಿದುಕೊಂಡು, ತಲೆ ಬಗ್ಗಿಸಿ ಬರೆದಿದ್ದೇನೆ, ಜೋಪಾನ ಮಾಡಿ ಅನ್ನುತ್ತದೆ ಒಂದು. ಇನ್ನೊಂದು ಇನ್ನೂ ಜಾಣ: ನೋಡಿದ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ಅನ್ನಬೇಡಿ!

ಈ ಕತೆಗಂತೂ ಆ ಪುಟ ಬರೀ ಅಲಂಕಾರವಲ್ಲ. ಪುಷ್ಕಿನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ 1836ರಲ್ಲಿ 'ಮೂಗು' ಮೊದಲು ಅಚ್ಚಾಯಿತು. ಮೂಗು ಕಳಕೊಂಡ ಕೊವಲ್ಯೋವ್‌ಗೆ ಅದೇ ಮೂಗು ತನಗಿಂತ ದೊಡ್ಡ ಅಧಿಕಾರಿಯ ಸಮವಸ್ತ್ರದಲ್ಲಿ ಎದುರಾಗುತ್ತದೆ. ಗೊಗೊಲ್ ಅವರಿಬ್ಬರನ್ನು ಭೇಟಿ ಮಾಡಿಸಿದ್ದು ಕಜಾನ್ ಕೆಥೆಡ್ರಲ್ ಅನ್ನುವ ಚರ್ಚಿನಲ್ಲಿ. ಸೆನ್ಸಾರ್ ಒಪ್ಪಲಿಲ್ಲ. ಆ ಜಾಗಕ್ಕೆ ಗೊಸ್ತಿನಿ ದ್ವೋರ್ ಅನ್ನುವ ಅಂಗಡಿ ಸಾಲು ಬಂತು. ಈ ಪುಸ್ತಕ ಯಾವ ಪಾಠವನ್ನು ಹಿಡಿದಿದೆ, ಚರ್ಚಿನದೋ ಅಂಗಡಿ ಸಾಲಿನದೋ ಅನ್ನುವುದೂ ಕಡೆಯ ಪುಟದಲ್ಲೇ ಇದೆ.

'ಪುಷ್ಪಿಕೆ'ಯ ಇನ್ನೊಂದು ಕಷ್ಟ: ಇದರಲ್ಲಿ ಪುಟದ ಅಂಚಿಗೆ ಸೀಸದ ಹೂಬಳ್ಳಿ ಜೋಡಿಸಿದ್ದಾರೆ. ಚೀಟಿಯಲ್ಲಿ ಪುಷ್ಪಿಕೆ ಅಂದರೆ ಜನ ಆ ಹೂವನ್ನೇ ನೋಡುತ್ತಾರೆ. 'ಮುದ್ರಣ ವಿವರ' ಅನ್ನೋಣ ಅಂದರೆ, ನಮ್ಮ ಪುಸ್ತಕಗಳಲ್ಲಿ ಬೆಲೆ, ಹಕ್ಕುಗಳ ಜತೆ ಮೊದಲಲ್ಲೇ ಬರುವ ಪುಟ ನೆನಪಾಗುತ್ತದೆ.

ನನ್ನ ಒಲವು 'ಅಚ್ಚಿನ ಒಕ್ಕಣೆ' ಕಡೆಗೆ, ಕಾಗದಪತ್ರದ ಒಕ್ಕಣೆ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಧಾರವಾಡದ ಕಡೆಯ ಸ್ನೇಹಿತರು, "ಒಕ್ಕಣೆ ಅಂದರ ನಮಗ ಕಣ ನೆನಪಾಗ್ತದರೀ" ಅಂದರು. ಅವರಿಗೆ ಅದು ತೆನೆ ಒಕ್ಕುವ ಕೆಲಸ. 'ಅಚ್ಚಿನ' ಅಂತ ಮುಂದೆ ಇದ್ದರೆ ಆ ಗೊಂದಲ ಇರಲಾರದು ಅಂತ ನನ್ನ ಲೆಕ್ಕ.

ಮೊಳೆ ಜೋಡಿಸುವ ಪ್ರೆಸ್ಸುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಹೇಳಿ: ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆ ಇದಕ್ಕೆ ಬೇರೆ ಹೆಸರೇನಾದರೂ ಬಳಕೆಯಲ್ಲಿತ್ತಾ?