ಮುಖದ ಸುಕ್ಕಿಗೆ ಸಿಗರೇಟು ಕಾರಣನಾ, ಬಿಸಿಲಾ?

ಪ್ರಶ್ನೆ:
ನನ್ನ ತಮ್ಮನಿಗೆ ಇನ್ನೂ ನಲವತ್ತು ತುಂಬಿಲ್ಲ, ಆದರೆ ನೋಡಿದವರೆಲ್ಲ ಅವನೇ ಅಣ್ಣ ಅಂದುಕೊಳ್ಳುತ್ತಾರೆ. ಕಣ್ಣಿನ ಅಂಚಲ್ಲಿ, ತುಟಿಯ ಮೇಲೆ ಗೆರೆಗಳು. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಗೀರುಬಿದ್ದಿದೆ. ದಿನವಿಡೀ ವ್ಯಾನ್ ಓಡಿಸುವ ಕೆಲಸ, ಜೊತೆಗೆ ಸಿಗರೇಟು. ಬಿಸಿಲಿಂದ ಹೀಗಾಯ್ತು ಅಂತ ಅವನು, ಸಿಗರೇಟಿಂದ ಅಂತ ನಾನು. ಯಾವುದು ನಿಜ?

ಉತ್ತರ 1:
ಎರಡೂ ನಿಜ. ಚರ್ಮವನ್ನು ಬಿಗಿಯಾಗಿ ಇಡುವುದು ಕೊಲಾಜೆನ್ ಅನ್ನುವ ಪ್ರೋಟೀನ್. ಬಿಸಿಲಿನ ಯುವಿ (ಅತಿನೇರಳೆ) ಕಿರಣ ಬಿದ್ದರೂ, ಸಿಗರೇಟಿನ ಹೊಗೆ ಮೈ ಸೇರಿದರೂ, ಅದನ್ನು ಕತ್ತರಿಸುವ ಕಿಣ್ವಗಳು ಜಾಸ್ತಿಯಾಗುತ್ತವೆ. ಸಿಗರೇಟಿನದು ಅಷ್ಟಕ್ಕೇ ಮುಗಿಯುವುದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಜಾಗ ಹಿಡಿಯುತ್ತದೆ, ಹಾಗಾಗಿ ಮುಖ ಕಳೆಗುಂದುತ್ತದೆ. ತುಟಿಯ ಮೇಲಿನ ಗೆರೆಗಳಿಗೆ ದಮ್ಮು ಎಳೆಯುವಾಗ ತುಟಿ ಮತ್ತೆ ಮತ್ತೆ ಮುದುಡುವುದೂ ಸೇರಿಕೊಳ್ಳುತ್ತದೆ. ಕತ್ತಿನ ಹಿಂದಿನದು ಮಾತ್ರ ಮುಖ್ಯವಾಗಿ ಬಿಸಿಲಿನ ಕೆಲಸ.

ಉತ್ತರ 2:
ವ್ಯಾನ್ ಒಳಗೆ ಬಿಸಿಲೆಲ್ಲಿ ಬೀಳುತ್ತದೆ ಅಂತ ಸುಮ್ನೆ ಇರಬೇಡಿ. ಯುವಿ ಕಿರಣಗಳಲ್ಲಿ ಚರ್ಮ ಸುಡುವ ಯುವಿಬಿ ಅನ್ನುವ ಬಗೆಯನ್ನು ಗಾಜು ಬಹುಪಾಲು ತಡೆಯುತ್ತದೆ, ಆದರೆ ಯುವಿಎ ಅನ್ನುವ ಇನ್ನೊಂದು ಬಗೆ ಪಕ್ಕದ ಕಿಟಕಿ ಗಾಜು ದಾಟಿ ಬಂದು ಚರ್ಮದ ಒಳಪದರದವರೆಗೂ ಇಳಿಯುತ್ತದೆ. ಉರಿ ಇಲ್ಲ, ಕೆಂಪಾಗಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. 2012ರಲ್ಲಿ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವಯಸ್ಸಿನ ಒಬ್ಬರ ಫೋಟೋ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿ ಜೋತುಬಿದ್ದಿದೆ, ಬಲಗಡೆ ಅಷ್ಟಿಲ್ಲ. ಒಬ್ಬರದೇ ಮುಖ! ನಿಮ್ಮ ತಮ್ಮನ ಎರಡೂ ಕೆನ್ನೆ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಹೌದು, ಕಿಟಕಿ ಕಡೆಯೇ ಜಾಸ್ತಿ. ಇಷ್ಟು ಆದಮೇಲೆ ಸನ್‌ಸ್ಕ್ರೀನ್ ಹಚ್ಚಿ, ಸಿಗರೇಟು ಬಿಟ್ಟು ಏನಾದರೂ ಪ್ರಯೋಜನ ಇದೆಯಾ?

ಉತ್ತರ 3:
ಖಂಡಿತ ಇದೆ. ಆಸ್ಟ್ರೇಲಿಯಾದಲ್ಲಿ 55 ದಾಟದವರನ್ನು ನಾಲ್ಕೂವರೆ ವರ್ಷ ಗಮನಿಸಿದ್ದರು, 2013ರಲ್ಲಿ ಫಲಿತಾಂಶ ಬಂತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮ ಮುಪ್ಪಾಗುವುದು 24% ಕಡಿಮೆ ಇತ್ತು. ಕೊಳ್ಳುವಾಗ ಬ್ರಾಡ್ ಸ್ಪೆಕ್ಟ್ರಮ್ (ಯುವಿಎ, ಯುವಿಬಿ ಎರಡನ್ನೂ ತಡೆಯುವಂಥದ್ದು) ಅಂತ ಇದೆಯಾ ನೋಡಿ, ಯಾಕಂದ್ರೆ ಡಬ್ಬಿ ಮೇಲಿನ ಎಸ್‌ಪಿಎಫ್ ನಂಬರ್ ಹೇಳುವುದು ಮುಖ್ಯವಾಗಿ ಯುವಿಬಿ ವಿಷಯ. ಕಿವಿ, ಕತ್ತು, ಕೈ ಬಿಡಬೇಡಿ. ಸಿಗರೇಟು ಬಿಟ್ಟರೆ ರಕ್ತದ ಓಡಾಟ ಸುಧಾರಿಸಿ ಮುಖಕ್ಕೆ ಬಣ್ಣ ಬರುತ್ತದೆ. ಆಳವಾದ ಗೆರೆಗಳು ಪೂರ್ತಿ ಅಳಿಸಿಹೋಗುವುದಿಲ್ಲ, ಅದನ್ನು ಅವನಿಗೆ ಮೊದಲೇ ಹೇಳಿಬಿಡಿ. ಇನ್ನೊಂದು ವಿಷಯ, ತುಟಿ, ಕಿವಿ, ಕತ್ತಿನ ಹತ್ತಿರ ವಾಸಿಯಾಗದ ಹುಣ್ಣೋ ಒರಟು ಕಲೆಯೋ ಇದ್ದರೆ ಕ್ರೀಮ್ ಹಚ್ಚುತ್ತಾ ಕೂರಬೇಡಿ, ಬೇಗ ಚರ್ಮದ ಡಾಕ್ಟರಿಗೆ ತೋರಿಸಿ. ಬಿಸಿಲು, ಸಿಗರೇಟು ಎರಡೂ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತವೆ.