ಹತ್ತೂವರೆ ಆದ ಮೇಲೆ ಲೈನ್ ಫಾಲೋವರ್ ರೋಬೋಟ್ ದಾರಿ ತಪ್ಪುತ್ತದೆ

ಶನಿವಾರದ ಮೇಷ್ಟ್ರು:
ತೀರ್ಥಹಳ್ಳಿ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ 4, 5ನೇ ಕ್ಲಾಸಿನ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ಮೈಕ್ರೋಬಿಟ್ (ಮಕ್ಕಳೇ ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್), ಎರಡು ಐಆರ್ (ಇನ್‌ಫ್ರಾರೆಡ್) ಸೆನ್ಸರ್, ಎರಡು ಮೋಟಾರ್ ಸೇರಿಸಿ ಕಪ್ಪು ಗೆರೆ ಹಿಡಿದು ಓಡುವ ರೋಬೋಟ್ ಮಾಡಿದ್ದೇವೆ. ಬಿಳಿ ಚಾರ್ಟ್ ಮೇಲೆ ಕಪ್ಪು ಟೇಪ್ ಅಂಟಿಸಿ ಬಸ್ ರೂಟ್ ಮಾಡಿದ್ದೇವೆ: ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. (ಘಾಟಿಯ 14 ತಿರುವಿಗೆ ಜಾಗ ಸಾಲಲಿಲ್ಲ, ಮೂರಕ್ಕೆ ನಿಲ್ಲಿಸಿದೆವು.)

ಮಳೆಗಾಲವಿಡೀ ಸರಿಯಾಗಿ ಓಡಿತು. ದಸರಾ ರಜೆ ಮುಗಿದ ಮೇಲೆ ಶುರುವಾಯಿತು ಕಾಟ. ಹತ್ತೂವರೆಗೆ ಮಂಡಗದ್ದೆಯ ತಿರುವಿನಲ್ಲಿ ತಿರುಗದೆ ನೇರ ಹೊಳೆಗೆ! ಹನ್ನೊಂದರ ಹೊತ್ತಿಗೆ ತೀರ್ಥಹಳ್ಳಿಯಲ್ಲೂ ಅದೇ ಕಥೆ. ಮಕ್ಕಳು ಕೋಡ್ ಬ್ಲಾಕ್‌ಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದರು. ಪ್ರಯೋಜನವಿಲ್ಲ.

ಬೆಸುಗೆಭಟ್ಟ:
ಸೆಲ್ ಇಳಿದಿರಬೇಕು. ಹೊಸದು ಹಾಕಿ ನೋಡಿ.

ಶನಿವಾರದ ಮೇಷ್ಟ್ರು:
ಹಾಕಿಯಾಯಿತು. ಹಾಗೇ ಇದೆ.

ಸಾಗರದವ:
ತಪ್ಪುವ ಜಾಗ ಗಂಟೆಗೊಂದು ಕಡೆ ಸರಿಯುತ್ತಿದೆ ಅಂದರೆ ಕೋಡ್ ಅಲ್ಲ, ಸೆಲ್ಲೂ ಅಲ್ಲ. ನಿಮ್ಮದು ಹೆಂಚಿನ ಮಾಡಾ? ಮಧ್ಯೆ ಗಾಜಿನ ಹೆಂಚು ಇದೆಯಾ?

ಶನಿವಾರದ ಮೇಷ್ಟ್ರು:
ಎರಡು ಇವೆ. ಅಯ್ಯೋ.

ಸಾಗರದವ:
ಅದೇ. ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಎಷ್ಟು ಬಂತು ನೋಡುತ್ತದೆ. ಬಿಳಿ ಜಾಸ್ತಿ ವಾಪಸ್ ಕೊಡುತ್ತದೆ, ಕಪ್ಪು ಕಡಿಮೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳ ಇರುತ್ತದೆ. ಬಿಸಿಲುಕೋಲು ಬಿದ್ದ ಜಾಗದಲ್ಲಿ ಟೇಪ್ ಕೂಡ ಸೆನ್ಸರ್‌ಗೆ ಬಿಳಿಯೇ. ಎರಡೂ ಬಿಳಿ ಇದ್ದರೆ ನೇರ ಹೋಗು ಅಂತ ತಾನೇ ಮಕ್ಕಳು ಬರೆದದ್ದು? ಅದು ಹೇಳಿದ್ದನ್ನೇ ಮಾಡುತ್ತಿದೆ. ಇದನ್ನು ಅವರಿಗೆ ಖಂಡಿತ ಹೇಳಿ, ಪಾಪ, ಸುಮ್ನೆ ತಮ್ಮ ಕೋಡೇ ತಪ್ಪು ಅಂದುಕೊಂಡಿರುತ್ತಾರೆ.

ಮೊದಲು ಒಬ್ಬರಿಗೆ ರೋಬೋಟ್ ಮೇಲೆ ಕೊಡೆ ಹಿಡಿದು ಜೊತೆಗೇ ನಡೆಯಲು ಹೇಳಿ. ಸರಿ ಹೋದರೆ ಸೆನ್ಸರ್ ಸುತ್ತ ದಪ್ಪ ರಟ್ಟಿನ ಲಂಗ ಕಟ್ಟಿ, ಒಳಗಡೆ ಕಪ್ಪು ಟೇಪ್. ನೆಲಕ್ಕೂ ರಟ್ಟಿಗೂ ಮಧ್ಯೆ ಒಂದೆರಡು ಮಿಲಿಮೀಟರ್ ಸಾಕು. ಕಪ್ಪು-ಬಿಳಿ ಗುರುತಿಸುವ ಮಟ್ಟ ಹೊಂದಿಸಲು ಸೆನ್ಸರ್ ಮೇಲಿರುವ ಸ್ಕ್ರೂ ತಿರುಗಿಸಲು ಹೋಗಬೇಡಿ. ಬಿಸಿಲಿಗೆ ಸರಿ ಮಾಡಿದರೆ ಮೋಡಕ್ಕೆ ಕೆಡುತ್ತದೆ.

ಬೆಸುಗೆಭಟ್ಟ:
ನನ್ನ ಮಾತು ವಾಪಸ್. ಸೆಲ್ ಇಟ್ಟುಕೊಳ್ಳಿ, ಕರೆಂಟ್ ಹೋದಾಗ ಟಾರ್ಚಿಗಾಗುತ್ತದೆ.

ಶನಿವಾರದ ಮೇಷ್ಟ್ರು:
ಇವತ್ತು ನೋಡಿದೆವು. ಕೊಡೆ ಹಿಡಿದಾಗಲೇ ಮಂಡಗದ್ದೆ ದಾಟಿತು. ಕೊಡೆ ಹಿಡಿಯಲು ಜಗಳವೋ ಜಗಳ. ರಟ್ಟು ಕಟ್ಟಿದ ಮೇಲೆ ಒಂದು ಸಲ ಟೇಪ್ ಸೇರುವಲ್ಲಿ ಸಿಕ್ಕಿಕೊಂಡಿತು, ಅಂಚು ಕತ್ತರಿಸಿದೆವು. ಆಮೇಲೆ ಬಿಸಿಲಲ್ಲೇ ಹತ್ತು ಸುತ್ತು ಆಗುಂಬೆ ಮುಟ್ಟಿ ಬಂತು. ಈಗ ಮಕ್ಕಳಿಗೆ ಉಳಿದ 11 ತಿರುವೂ ಬೇಕಂತೆ.