ಎಕ್ಸಿ ಮಾಡಿದ್ಮೇಲೆ ಉದ್ರಿ ಲೆಕ್ಕ ಎಲ್ಲಾ ಮಾಯ, ಯಾಕೆ?

ಪ್ರಶ್ನೆ:
ಅಪ್ಪನ ಕಿರಾಣಿ ಅಂಗಡಿಗೆ ಅಂತ ಪೈಥಾನ್, ಟಿಕಿಂಟರ್‌ನಲ್ಲಿ (ವಿಂಡೋ, ಬಟನ್ ಮಾಡೋ ಲೈಬ್ರರಿ) ಒಂದು ಉದ್ರಿ ಲೆಕ್ಕದ ಆ್ಯಪ್ ಮಾಡ್ದೆ, ಡೇಟಾ ಎಸ್‌ಕ್ಯೂಲೈಟ್‌ನಲ್ಲಿ (ಒಂದೇ ಫೈಲಲ್ಲಿರೋ ಡೇಟಾಬೇಸ್). ನನ್ನ ಲ್ಯಾಪ್‌ಟಾಪಲ್ಲಿ ಸೂಪರಾಗಿ ಓಡ್ತಿತ್ತು, ಪೈಥಾನ್ ಕೋಡನ್ನ ಎಕ್ಸಿ (ನೇರ ಓಡೋ .exe ಫೈಲ್) ಮಾಡೋ ಪೈಇನ್‌ಸ್ಟಾಲರ್‌ನಲ್ಲಿ ಒನ್‌ಫೈಲ್ (ಎಲ್ಲಾ ಒಂದೇ ಫೈಲಲ್ಲಿ) ಅಂತ ಕೊಟ್ಟು ಎಕ್ಸಿ ಮಾಡಿ ಅಂಗಡಿ ಕಂಪ್ಯೂಟರಿಗೆ ಹಾಕ್ದೆ, ಸಂಜೆ ತನಕ 40 ಎಂಟ್ರಿ ಹಾಕಿದ್ರು, ಬೆಳಿಗ್ಗೆ ಓಪನ್ ಮಾಡಿದ್ರೆ ಖಾಲಿ! ಅಪ್ಪ ಏನೂ ಮಾತಾಡ್ದೆ ಹಳೇ ಕೆಂಪು ಪುಸ್ತಕ ತೆಗೆದ್ರು. ಓಪನ್ ಆಗೋಕೂ ತುಂಬಾ ಹೊತ್ತು ತಗೊಳುತ್ತೆ.

ಉತ್ತರ 1:
ಡೇಟಾಬೇಸ್ ಪಾತ್‌ಗೆ (ಫೈಲ್ ಇರೋ ಜಾಗ) __file__, ಅಂದ್ರೆ ಕೋಡ್ ಫೈಲ್ ಇರೋ ಜಾಗಾನೇ ಬಳಸಿದ್ದೀರಾ ಅನ್ಸುತ್ತೆ. ಒನ್‌ಫೈಲ್ ಎಕ್ಸಿ ಪ್ರತಿಸಲ ಓಪನ್ ಆದಾಗ್ಲೂ ಒಳಗಿರೋದನ್ನೆಲ್ಲ ಟೆಂಪ್‌ನಲ್ಲಿ (ತಾತ್ಕಾಲಿಕ ಫೈಲ್‌ಗಳ ಜಾಗ) _MEI ಅಂತ ಶುರುವಾಗೋ ಫೋಲ್ಡರಿಗೆ ಬಿಚ್ಚಿ ಹಾಕುತ್ತೆ, ಕ್ಲೋಸ್ ಮಾಡಿದಾಗ ಅದನ್ನ ಅಳಿಸಿಬಿಡುತ್ತೆ, ನಿಮ್ಮ ಡೇಟಾನೂ ಅದರ ಜೊತೆ ಹೋಯ್ತು. ಲೇಟಾಗೋದೂ ಈ ಬಿಚ್ಚೋ ಕೆಲಸಕ್ಕೇನೆ. ಡಿಬಿ (ಡೇಟಾಬೇಸ್) ಫೈಲನ್ನ ವಿಂಡೋಸಲ್ಲಿ ಆ್ಯಪ್‌ಗಳು ಡೇಟಾ ಇಡೋ ಆ್ಯಪ್‌ಡೇಟಾ ಫೋಲ್ಡರ್ ಒಳಗೆ ನಿಮ್ಮದೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ಒನ್‌ಫೈಲ್ ಬದಲು ಒನ್‌ಡಿರ್ (ಎಲ್ಲಾ ಒಂದು ಫೋಲ್ಡರಲ್ಲಿ ಬಿಚ್ಚಿಟ್ಟಿರೋದು) ಕೊಡಿ, ಬೇಗ ಓಪನ್ ಆಗುತ್ತೆ.

ಉತ್ತರ 2:
ದಿನಾ ಡಿಬಿ ಫೈಲ್ ಪೆನ್‌ಡ್ರೈವಿಗೆ ಕಾಪಿ ಮಾಡೋ ಬಟನ್ ಒಂದು ಹಾಕಿ ಗುರು, ಅಂಗಡಿ ದುಡ್ಡಿನ ವಿಷ್ಯ.

ಇನ್ನೊಬ್ರ ಪ್ರಶ್ನೆ:
ಉಬುಂಟುನಲ್ಲಿ (ಲಿನಕ್ಸ್ ಓಎಸ್) ಪೈಇನ್‌ಸ್ಟಾಲರ್ ಬಿಲ್ಡ್ ಮಾಡಿದ್ರೆ ವಿಂಡೋಸ್ ಎಕ್ಸಿ ಸಿಗುತ್ತಾ?

ಉತ್ತರ 1 ಕೊಟ್ಟವ್ರು:
ಇಲ್ಲ, ಯಾವ ಓಎಸ್‌ಗೆ ಬೇಕೋ ಅದರ ಮೇಲೇ ಬಿಲ್ಡ್ ಮಾಡ್ಬೇಕು.

ಪ್ರಶ್ನೆ ಕೇಳಿದವ್ರು:
ಹೌದು ಸರ್, ಉತ್ತರ 1ರಲ್ಲಿ ಹೇಳಿದ ಅದೇ ಲೈನು! ಪಾತ್ ಬದಲಾಯಿಸ್ದೆ, ಈಗ ಡೇಟಾ ಉಳೀತಿದೆ. ಅಪ್ಪ ಮಾತ್ರ ಪುಸ್ತಕದಲ್ಲೂ ಬರೀತಾ ಇದ್ದಾರೆ.